ಹೊರೆಯೊಡನೆ ಪ್ರಯಾಣ

ಪ್ರಯಾಣಕ್ಕೆ ಹೊರಡುವವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುವುದುಂಟು. ಗಾಡಿ ಎಷ್ಟು ಗಂಟೆಗೆ? ಟಿಕೀಟಿಗೆ ಎಷ್ಟು ಹಣ? ಊರು ಸೇರುವುದು ಯಾವಾಗ? ಇವುಗಳಷ್ಟೇ ಮುಖ್ಯವಾದ ನಾಲ್ಕನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ನಮ್ಮ ಮನೆಯ ಹೊಸಿಲಿನಿಂದ ಹೋಗಿ ಸೇರತಕ್ಕ ಮನೆಯ ಹೊಸಿಲಿನವರೆಗೆ ಸಾಮಾನನ್ನು ಎಷ್ಟು ಸಲ ಏರಿಸಬೇಕು, ಎಷ್ಟು ಸಲ ಇಳಿಸಬೇಕು? ಒಂದು ವಾಹನಕ್ಕೆ ಏರಿಸಿ, ಅದರಿಂದ ಇಳಿಸುವುದನ್ನು ಒಂದು ಏರಿಳಿಕೆ ಎಂದು ಕರೆಯೋಣ. ಸಾಮಾನಿರುವ ಪ್ರಯಾಣಿಕನ ಸುಖದುಃಖಗಳು ಮೈಲಿಗಳ ಲೆಕ್ಕದಿಂದ ನಿರ್ಣಯವಾಗುವುದಿಲ್ಲ. ಏರಿಳಿಕೆಗಳ ಲೆಕ್ಕದಿಂದ ನಿರ್ಣಯವಾಗುತ್ತವೆ. ಈ ಮಾತನ್ನೇ ಇಂದು ಸ್ವಲ್ಪ ವಿಸ್ತರಿಸಿ ಹೇಳಬೇಕೆಂದಿದ್ದೇವೆ. ಅದಕ್ಕೆ ನಿದರ್ಶನವಾಗಿ ನಾವು ಆರಿಸಿಕೊಂಡಿರುವುದು ತಳಕಲ್ ಎಂಬ ಸಣ್ಣ ಊರನ್ನು.

ತಳಕಲ್ ಇರುವುದು ಕೊಪ್ಪಳ ಜಿಲ್ಲೆಯಲ್ಲಿ, ಗದಗಿನಿಂದ ಕೊಪ್ಪಳ, ಹೊಸಪೇಟೆಗಳ ಕಡೆಗೆ ಹೋಗುವ ರೈಲುಹಾದಿಯ ಮೇಲೆ. ಈ ಹಾದಿಯನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಮೀಟರ್ ಗೇಜಿನಲ್ಲಿ ಹಾಕಿದರು. ರೈಲು ಬಂದ ಮೇಲೆ ಪ್ರಯಾಣ ಸುಲಭವಾಯಿತೆಂಬುದು ನಿಜ. ಆದರೆ ಸಾಮಾನುಳ್ಳವನಿಗೆ ಎಷ್ಟರ ಮಟ್ಟಿಗೆ ಸುಲಭವಾಯಿತು ಎಂಬುದನ್ನು ವಿಚಾರಿಸಬೇಕು.

1948ರವರೆಗೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಜಿಲ್ಲೆಯ ಮುಖ್ಯಸ್ಥಳ ರಾಯಚೂರು. ತಳಕಲ್ಲಿನ ರೈತನೊಬ್ಬನಿಗೆ ರಾಯಚೂರಿನ ಕಚೇರಿಯಲ್ಲಿ ಕೆಲಸವಿದೆಯೆಂದು ಭಾವಿಸಿಕೊಳ್ಳಿ. ಅವನು ರೈಲಿನಲ್ಲಿ ಹೋಗಬೇಕಾದರೆ ಪೂರ್ವಕ್ಕೆ ಸಾಗಿ, ತುಂಗಭದ್ರೆಯನ್ನು ದಾಟಿ, ಮದರಾಸು ಆಧಿಪತ್ಯದೊಳಗಿದ್ದ ಗುಂತಕಲ್ಲಿಗೆ ಹೋಗಬೇಕು. ಅಲ್ಲಿ ಮೀಟರ್ ಗೇಜಿನ ಗಾಡಿಯಿಂದ ಇಳಿದು, ಗಂಟುಮೂಟೆಗಳನ್ನು ಹೊತ್ತು, ಬ್ರಾಡ್ ಗೇಜಿನ ಗಾಡಿಯನ್ನು ಹತ್ತಿ, ಉತ್ತರಕ್ಕೆ ತಿರುಗಿ ಮತ್ತೆ ತನ್ನ ಸಂಸ್ಥಾನದೊಳಕ್ಕೆ ಬರಬೇಕು. ತನ್ನ ಜಿಲ್ಲೆಯಿಂದ ತನ್ನ ಜಿಲ್ಲೆಗೇ ಹೋಗಲು ಎರಡು ಸಲ ಎಲ್ಲೆಯನ್ನು ದಾಟಬೇಕಾಗಿತ್ತು. ಸಂಸ್ಥಾನಕ್ಕೆ ತನ್ನದೇ ಆದ ನಾಣ್ಯವಿತ್ತು, ಅದನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು. ಎಲ್ಲೆಯ ಆಚೆಗೆ ಬೇಕಾದದ್ದು ಬ್ರಿಟಿಷ್ ರೂಪಾಯಿ. ಒಳಬರುವ ಸರಕಿಗೆ ಸುಂಕ ವಿಧಿಸಲು ಸಂಸ್ಥಾನದ ಕರೋಡಗಿರಿ ಇಲಾಖೆಯಿತ್ತು. ಆದಕಾರಣ ಸಾಮಾನುಳ್ಳವನಿಗೆ ತೂಕದ ಚಿಂತೆಯ ಜೊತೆಗೆ, ಪೆಟ್ಟಿಗೆಯಲ್ಲಿರುವುದು ಮನೆಬಳಕೆಯದೋ ಮಾರಾಟದ್ದೋ ಎಂಬುದಕ್ಕೆ ಉತ್ತರ ಕೊಡುವ ಚಿಂತೆಯೂ ಇರುತ್ತಿತ್ತು.

ನಿಲ್ದಾಣದಿಂದ ಹಳ್ಳಿಗೆ ಹೋಗಲು ಆಗ ಚಕ್ಕಡಿಯೇ ಗತಿ. ನಿಜಾಮ್ ಸಂಸ್ಥಾನದ ರೈಲ್ವೆಯವರು 1932ರಲ್ಲಿ 27 ಬಸ್ಸುಗಳೊಡನೆ ರಸ್ತೆಸಾರಿಗೆಯನ್ನು ಆರಂಭಿಸಿದರು. ಸರಕಾರವೇ ಬಸ್ಸು ನಡೆಸುವ ಪದ್ಧತಿಗೆ ಭಾರತದಲ್ಲಿ ಇದು ಮೊದಲ ಮಾದರಿಗಳಲ್ಲೊಂದು. ರೈಲು ನಿಂತಲ್ಲಿಂದ ಬಸ್ಸು ಮುಂದುವರಿಯಬೇಕು, ಎರಡೂ ಒಂದೇ ಆಡಳಿತದಲ್ಲಿರಬೇಕು ಎಂಬ ಆ ಯೋಚನೆ ಸಾಮಾನುಳ್ಳವನ ಪಾಲಿಗೆ ಬಹಳ ಹಿತವಾದದ್ದು.

1990ರ ದಶಕದಲ್ಲಿ ಈ ಹಾದಿ ಬ್ರಾಡ್ ಗೇಜಾಯಿತು. ಗುಂತಕಲ್ಲಿನಲ್ಲಿ ಗೇಜಿನ ನಿಮಿತ್ತ ಗಾಡಿ ಬದಲಿಸುವ ಕಷ್ಟ ಅಲ್ಲಿಗೆ ತೀರಿತು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಗಿ, ಕಚೇರಿಯ ಕೆಲಸಕ್ಕಾಗಿ ರಾಯಚೂರಿಗೆ ಹೋಗುವುದೂ ತಪ್ಪಿತು. ಆಮೇಲೆ ಗದಗ–ವಾಡಿ ಹೊಸ ಹಾದಿಯ ಕೆಲಸ ಬಂದಿತು. ಸುಮಾರು 257 ಕಿಲೋಮೀಟರಿನ ಈ ಹಾದಿ ಹಳೆಯ ಹಾದಿಯಿಂದ ಕವಲೊಡೆಯುವುದು ತಳಕಲ್ಲಿನಲ್ಲಿಯೇ. ಅಲ್ಲಿಂದ ಕುಕನೂರು, ಯಲಬುರ್ಗಾಗಳ ಸೀಮೆಯನ್ನು ಹಾದು 2025ರ ಮೇ ತಿಂಗಳಲ್ಲಿ ರೈಲು ಕುಷ್ಟಗಿಯನ್ನು ಮುಟ್ಟಿತು. ಹುಬ್ಬಳ್ಳಿಗೂ ಕುಷ್ಟಗಿಗೂ ನೇರವಾದ ಗಾಡಿ ಓಡತೊಡಗಿತು. ಹೆಸರೇ ಕೇಳದಿದ್ದ ಸಣ್ಣ ನಿಲ್ದಾಣ ಕೂಡುದಾಣವಾದುದು ಹೀಗೆ.

ಇದರಿಂದಾದ ಪ್ರಯೋಜನವನ್ನು ನಮ್ಮ ಲೆಕ್ಕದಲ್ಲಿ ಹಾಕಿ ನೋಡೋಣ. ಮೊದಲು ಕುಷ್ಟಗಿಯವರು ಕೊಪ್ಪಳದ ಮೇಲೆ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಬೇಕಾದರೆ, ಮನೆಯಿಂದ ಬಸ್ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಕೊಪ್ಪಳಕ್ಕೆ ಬಸ್ಸು, ಕೊಪ್ಪಳದ ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಮತ್ತೊಂದು ಆಟೋ, ಅನಂತರ ರೈಲು, ನಾಲ್ಕು ಏರಿಳಿಕೆಗಳು. ಈಗ ಮನೆಯಿಂದ ಆಟೋ, ಆಮೇಲೆ ರೈಲು, ಎರಡೇ. ರೈಲು ತನ್ನ ಗಳಿಗೆಗೆ ಮಾತ್ರ ಬರುತ್ತದೆ, ಬಸ್ಸು ದಿನವಿಡೀ ಸಿಗುತ್ತದೆ, ನಿಜ. ಕೈಬೀಸಿಕೊಂಡು ಹೋಗುವವನಿಗೆ ಬಸ್ಸೇ ಮೇಲೆನಿಸಬಹುದು. ಎರಡು ಮೂಟೆಯುಳ್ಳವನು ಮಾತ್ರ ರೈಲಿನ ಗಳಿಗೆಗೆ ಕಾಯುವುದರಿಂದ ಲಾಭವನ್ನೇ ಪಡೆಯುತ್ತಾನೆ.

ಎರಡು ಮೂಟೆಯುಳ್ಳವರು ಯಾರು? ಪಟ್ಟಣವಾಸಿಗಳಾದ ನಮಗೆ ಲಗೇಜೆಂದರೆ ಬಟ್ಟೆಯ ಪೆಟ್ಟಿಗೆ. ಯಲಬುರ್ಗಾ, ಕುಷ್ಟಗಿಗಳ ಕಡೆ ಮಳೆ ಕೈಕೊಟ್ಟ ವರ್ಷ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ದುಡಿಯಲು ಹೊರಡುವ ಕುಟುಂಬಕ್ಕೆ ಲಗೇಜೆಂದರೆ ಸಂಸಾರವೇ. ಜೋಳದ ಚೀಲ, ಪಾತ್ರೆಯ ಗಂಟು, ಹಾಸಿಗೆಯ ಸುರುಳಿ, ರೊಟ್ಟಿಯ ಬುತ್ತಿ, ಕಂಕುಳಲ್ಲಿ ಕೂಸು. ಅವರಿಗೆ ನಿಯಮಗಳನ್ನು ತಿಳಿಸುವವರು ಕಡಮೆ. ತಿಳಿಯದೆ ದಂಡ ತೆರುವವರಲ್ಲಿ ಅವರೇ ಮೊದಲಿಗರು. ಆದುದರಿಂದ ತಿಳಿದವರು ಅಕ್ಕಪಕ್ಕದವರಿಗೆ ಹೇಳಲೆಂದು ಆ ನಿಯಮಗಳನ್ನು ಸಂಗ್ರಹವಾಗಿ ಕೊಡುತ್ತೇವೆ.

ರೈಲಿನಲ್ಲಿ ಎರಡನೆಯ ದರ್ಜೆಯ ಒಂದು ಟಿಕೀಟಿಗೆ 35 ಕಿಲೋಗ್ರಾಂ, ಸ್ಲೀಪರಿಗೂ ಮೂರು ಹಂತದ ಹವಾನಿಯಂತ್ರಿತ ಬೋಗಿಗೂ 40, ಎರಡು ಹಂತದ್ದಕ್ಕೆ 50, ಮೊದಲ ದರ್ಜೆಯ ಹವಾನಿಯಂತ್ರಿತಕ್ಕೆ 70 ಕಿಲೋಗ್ರಾಂ ಸಾಮಾನನ್ನು ಪುಕ್ಕಟೆಯಾಗಿ ಒಯ್ಯಬಹುದು. 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಇದರಲ್ಲಿ ಅರ್ಧ. ಎಂದರೆ ಗಂಡ, ಹೆಂಡತಿ, ಆರು ವರ್ಷದ ಮಗು, ಇಷ್ಟು ಮಂದಿ ಎರಡನೆಯ ದರ್ಜೆಯಲ್ಲಿ ಟಿಕೀಟು ಪಡೆದು ಹೋದರೆ ಎಂಬತ್ತೇಳೂವರೆ ಕಿಲೋಗ್ರಾಂ ಅವರ ಹಕ್ಕು. ಪೆಟ್ಟಿಗೆಯ ಅಳತೆ ಸಾಮಾನ್ಯವಾಗಿ 100 ಸೆಂಟಿಮೀಟರು ಉದ್ದ, 60 ಅಗಲ, 25 ಎತ್ತರವನ್ನು ಮೀರಕೂಡದು. ಮೀರಿದ್ದು ಬ್ರೇಕ್ ವ್ಯಾನಿಗೆ ಹೋಗತಕ್ಕದ್ದು. ತೂಕ ಹೆಚ್ಚಾಗಿದ್ದರೆ ಗಾಡಿ ಹೊರಡುವುದಕ್ಕೆ ಅರ್ಧ ಗಂಟೆಗೆ ಮೊದಲೇ ಲಗೇಜು ಕಚೇರಿಗೆ ಹೋಗಿ ಬುಕ್ ಮಾಡಿಸಬೇಕು. ಹಾಗೆ ಮಾಡಿಸಿದರೆ ಲಗೇಜು ದರದ ಒಂದೂವರೆ ಪಾಲು. ಮಾಡಿಸದೆ, ಮಿತಿಯನ್ನು ಬಹುವಾಗಿ ಮೀರಿ, ದಾರಿಯಲ್ಲಿ ಸಿಕ್ಕಿಬಿದ್ದರೆ ಆರು ಪಾಲು. ಅರ್ಧ ಗಂಟೆಯ ಉದಾಸೀನಕ್ಕೆ ಕೊಡುವ ಬೆಲೆ ಇದು.

ಇನ್ನೊಂದು ನಿಯಮ ಇದಕ್ಕಿಂತ ಗುರುತರವಾದುದು. ದುಡಿಯಲು ಹೋಗುವವರು ಅಡುಗೆಗೆಂದು ಗ್ಯಾಸ್ ಸಿಲಿಂಡರನ್ನೋ ಸೀಮೆಎಣ್ಣೆಯನ್ನೋ ಗಂಟಿನಲ್ಲಿ ಸೇರಿಸಿಕೊಳ್ಳುವುದುಂಟು. ಇವುಗಳನ್ನು ರೈಲಿನಲ್ಲಿ ಒಯ್ಯಲೇಕೂಡದು. 1989ರ ರೈಲ್ವೆ ಕಾಯಿದೆಯ 164ನೆಯ ಪ್ರಕರಣದಲ್ಲಿ ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ಹೇಳಿದೆ. ಸೆರೆಯ ಮಾತು ಹಾಗಿರಲಿ; ತುಂಬಿದ ಬೋಗಿಯಲ್ಲಿ ಬೆಂಕಿ ಹತ್ತಿದರೆ ಓಡಲು ಸ್ಥಳವೆಲ್ಲಿ? ಒಲೆ ಹೋಗುವ ಊರಿನಲ್ಲಿ ಸಿಕ್ಕೀತು; ಜೀವ ಸಿಗದು.

ಇನ್ನು ಏರುವ ಕ್ರಮ. ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ನಮ್ಮ ಎತ್ತರದ ಪ್ಲಾಟ್‌ಫಾರಂ ಹಳಿಯ ಮೇಲಕ್ಕೆ 760ರಿಂದ 840 ಮಿಲಿಮೀಟರು. ತಗ್ಗಿನದಾದರೆ 455 ಮಾತ್ರ. ಬೋಗಿಯ ನೆಲ ಇವೆರಡಕ್ಕಿಂತಲೂ ಮೇಲೆ. ಆದಕಾರಣ ಇಪ್ಪತ್ತು ಕಿಲೋಗ್ರಾಮಿನ ಚೀಲವನ್ನು ತಗ್ಗಿನ ಪ್ಲಾಟ್‌ಫಾರಂನಿಂದ ಬಾಗಿಲಿಗೆ ಏರಿಸುವುದು ಎದೆಯೆತ್ತರಕ್ಕೆ ಏರಿಸುವ ಕೆಲಸವಾಗುತ್ತದೆ. ಈ ಹಾದಿಯ ಒಂದು ಸಣ್ಣ ನಿಲ್ದಾಣದಲ್ಲಿ ನಾವೊಮ್ಮೆ ಕಂಡದ್ದನ್ನು ಹೇಳುತ್ತೇವೆ. ಗಂಡ ಹೆಂಡಿರಿಬ್ಬರೂ ಆತುರದಿಂದ ಮೂಟೆಗಳನ್ನು ಒಳಕ್ಕೆ ತಳ್ಳಿ, ತಾವೂ ಹತ್ತಿ, ಒಳಗೆ ಎಳೆದುಕೊಳ್ಳುತ್ತಿದ್ದರು. ಗಾಡಿ ಅಲುಗಿತು. ನಾಲ್ಕೈದು ವರ್ಷದ ಹುಡುಗಿ ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಳಗೇ ನಿಂತಿದ್ದಳು. ಮುದುಕನೊಬ್ಬ ಅವಳನ್ನು ತಂಬಿಗೆಸಹಿತವಾಗಿ ಎತ್ತಿ ಒಳಗೆ ಕೊಟ್ಟನು. ನೀರು ಚೆಲ್ಲಿತು, ಮಗು ಉಳಿಯಿತು. ತಂದೆತಾಯಿಗಳಿಗೆ ಮಗುವಿನ ಮೇಲೆ ಪ್ರೀತಿ ಕಡಮೆಯೆಂದು ಯಾರೂ ಹೇಳಲಾರರು. ಅವರಿಗೆ ಕಡಮೆಯಾದದ್ದು ಕ್ರಮವೊಂದೇ. ಮೊದಲು ದೊಡ್ಡವರೊಬ್ಬರು ಹತ್ತಬೇಕು, ಎರಡನೆಯದಾಗಿ ಮಕ್ಕಳು, ಮೂರನೆಯದಾಗಿ ಸಾಮಾನು, ಕಟ್ಟಕಡೆಗೆ ಎರಡನೆಯ ದೊಡ್ಡವರು. ಒಂದು ಚೀಲ ಉಳಿದುಹೋದರೆ ಹೋಗಲಿ. ಇಳಿಯುವಾಗಲೂ ಮಗು ಎರಡು ಜೊತೆ ಕೈಗಳ ನಡುವೆಯೇ ಇರಬೇಕು.

ಗಾಡಿ ಬದಲಿಸುವಲ್ಲಿ ಕಷ್ಟ ಬೇರೊಂದು ಬಗೆಯದು. ಹುಬ್ಬಳ್ಳಿಯಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ 1,507 ಮೀಟರು ಉದ್ದ. ಪ್ರಪಂಚದಲ್ಲಿಯೇ ಅತಿ ಉದ್ದವೆಂದು ಪ್ರಸಿದ್ಧಿಯಾಗಿದೆ. ನಮಗದು ಹೆಮ್ಮೆಯ ವಿಷಯ. ಒಂದು ತುದಿಯಲ್ಲಿ ನಿಂತು, ತನ್ನ ಬೋಗಿ ಇನ್ನೊಂದು ತುದಿಯಲ್ಲಿದೆಯೆಂದು ತಿಳಿದವನಿಗೆ ಅದು ಒಂದೂವರೆ ಕಿಲೋಮೀಟರಿನ ನಡಿಗೆ. ಬೋಗಿ ನಿಲ್ಲುವ ಸ್ಥಳವನ್ನು ಮುಂಚೆಯೇ ವಿಚಾರಿಸಿಕೊಂಡು ಅಲ್ಲಿಯೇ ಸಾಮಾನನ್ನು ಇಳಿಸಿಕೊಂಡರೆ ಈ ತೊಂದರೆಯಿಲ್ಲ. ಹಮಾಲರ ನೆರವು ಬೇಕಾದರೆ ಹೊರೆಯನ್ನು ಅವರ ತಲೆಗೆ ಏರಿಸುವ ಮುಂಚೆ ಕೂಲಿಯನ್ನು ಗೊತ್ತುಮಾಡಿಕೊಳ್ಳುವುದು ಮರ್ಯಾದೆ. ಹಮಾಲರನ್ನು 2016ರಿಂದ ರೈಲ್ವೆಯವರು ಸಹಾಯಕರೆಂದು ಕರೆಯುತ್ತಾರೆ. ಹೆಸರು ಹೊಸದು, ಹೊರೆ ಹಳೆಯದೇ. ದೊಡ್ಡ ನಿಲ್ದಾಣಗಳ ಕ್ಲೋಕ್ ರೂಮಿನಲ್ಲಿ ಸಾಮಾನಿಡಬೇಕಾದರೆ ಅದಕ್ಕೆ ಬೀಗ ಹಾಕಿರಬೇಕೆಂಬುದನ್ನೂ ಮರೆಯಲಾಗದು.

ಬಸ್ಸಿನ ಮಾತು ಇನ್ನೊಂದು ತೆರನಾದುದು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ 2022ರಲ್ಲಿ ಗೊತ್ತುಪಡಿಸಿದಂತೆ ದೊಡ್ಡವರಿಗೆ 30 ಕಿಲೋಗ್ರಾಂ, ಮಕ್ಕಳಿಗೆ 15 ಪುಕ್ಕಟೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲ. ಮಿತಿಮೀರಿದ ಮೂಟೆಗೆ ಆ ವಿನಾಯಿತಿಯನ್ನು ನಿರೀಕ್ಷಿಸಬಾರದು. ಆಟೋ, ಟಂಟಂ, ಬಾಡಿಗೆಯ ಕಾರುಗಳಲ್ಲಿ ತೂಕದ ಪಟ್ಟಿಯಿಲ್ಲ, ಬಾಯಿಮಾತಿನ ಕರಾರು. ಇಷ್ಟು ಜನ, ಇಷ್ಟು ಗಂಟು, ಇಂಥ ಓಣಿಯವರೆಗೆ ಎಂದು ಮೂರನ್ನೂ ಮೊದಲೇ ಹೇಳಿದರೆ ಇಳಿಯುವಾಗ ಜಗಳವಿರುವುದಿಲ್ಲ.

ನಮ್ಮ ದೇಶದಲ್ಲಿ ಮಾತ್ರ ಈ ಕಷ್ಟವೆಂದು ತಿಳಿಯಬಾರದು. ಈಗ ನಮ್ಮ ಮನೆಗಳ ಮಕ್ಕಳು ಓದಲು ಇಂಗ್ಲೆಂಡಿಗೆ ಹೋಗುತ್ತಾರೆ. ಅಲ್ಲಿಯ ರೈಲಿನಲ್ಲಿ ತಕ್ಕಡಿಯ ಗೊಡವೆಯಿಲ್ಲ, ಎಣಿಕೆಯ ನಿಯಮ: ದೊಡ್ಡವೆರಡು, ಕೈಚೀಲವೊಂದು, ದೊಡ್ಡದು 90 ಸೆಂಟಿಮೀಟರು ಉದ್ದ, 70 ಅಗಲ, 30 ದಪ್ಪವನ್ನು ಮೀರಬಾರದು. ಪ್ಲಾಟ್‌ಫಾರಂಗೆ ಅಲ್ಲಿಯ ಅಳತೆ 915 ಮಿಲಿಮೀಟರು, ನಮ್ಮದಕ್ಕಿಂತ ಎತ್ತರ. ಲಂಡನ್ನಿನಲ್ಲಿ ಮಾತ್ರ ಎಚ್ಚರ ಬೇಕು. ದಕ್ಷಿಣದ ಗಾಡಿಗಳು ವಿಕ್ಟೋರಿಯಾ ಮುಂತಾದ ನಿಲ್ದಾಣಗಳಿಗೆ ಬರುತ್ತವೆ, ವಾಯವ್ಯದ ಊರುಗಳಿಗೆ ಯೂಸ್ಟನ್ನಿನಿಂದ ಹೊರಡುತ್ತವೆ. ನಡುವೆ ನೆಲದೊಳಗಿನ ರೈಲಿನ ಮೆಟ್ಟಲುಗಳನ್ನು ಇಳಿದು ಹತ್ತಬೇಕು. ಹಿಂದೆ ಅಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಮುಂಗಡವಾಗಿ ಮನೆಯಿಂದಲೇ ಒಯ್ದು ಹೋಗುವ ಊರಿನಲ್ಲಿ ತಲುಪಿಸುವ ಏರ್ಪಾಡನ್ನು ರೈಲ್ವೆಯವರೇ ನಡೆಸುತ್ತಿದ್ದರು, ಈಗ ಅದಿಲ್ಲ. ಟ್ಯಾಕ್ಸಿಯ ಒಂದು ಗುಣವನ್ನು ಮೆಚ್ಚಬೇಕು. 1948ರಲ್ಲಿ ಬಂದ ಲಂಡನ್ನಿನ ಕಪ್ಪು ಟ್ಯಾಕ್ಸಿಯಲ್ಲಿ ಚಾಲಕನ ಪಕ್ಕಕ್ಕೆ ಆಸನವನ್ನಿಡದೆ ಆ ಸ್ಥಳವನ್ನು ಸಾಮಾನಿಗೆಂದೇ ಬಿಟ್ಟಿದ್ದರು. ಮನುಷ್ಯನೊಡನೆ ಹೊರೆಯೂ ಬರುತ್ತದೆಂದು ವಾಹನವನ್ನು ಕಟ್ಟಿದವನು ನೆನೆದಿದ್ದನು.

ನಮ್ಮ ರೈಲು, ಬಸ್ಸು, ನಿಲ್ದಾಣಗಳನ್ನು ಏರ್ಪಡಿಸುವವರೂ ಇದನ್ನೇ ನೆನೆಯಬೇಕೆಂಬುದು ನಮ್ಮ ಪ್ರಾರ್ಥನೆ. ರೈಲಿಳಿದವನಿಗೆ ಬಸ್ಸು ಹತ್ತಿರದಲ್ಲಿ ಸಿಕ್ಕಿದರೆ ಒಂದು ಏರಿಳಿಕೆ ಉಳಿಯಿತು. ತಗ್ಗಿನ ಪ್ಲಾಟ್‌ಫಾರಂ ಎತ್ತರವಾದರೆ ಎಷ್ಟೋ ಮುದುಕರ ಬೆನ್ನು ಉಳಿಯಿತು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಸ್ವಲ್ಪವೇ. ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯ ಮುಚ್ಚಳವನ್ನು ಹಾಕುವ ಮೊದಲು ಏರಿಳಿಕೆಗಳನ್ನು ಬೆರಳಿನಲ್ಲಿ ಎಣಿಸೋಣ. ಅಷ್ಟು ಸಲ ನಾವೇ ಎತ್ತಲಾರದ್ದನ್ನು ಹೊರಗೆ ತೆಗೆದಿಡೋಣ. ಹಾಗೆ ಮಾಡಿದರೆ, ನಿಲ್ದಾಣದಲ್ಲಿ ನಮ್ಮ ಒಂದು ಕೈ ಬಿಡುವಾಗಿರುತ್ತದೆ. ತಂಬಿಗೆ ಹಿಡಿದು ಕೆಳಗೆ ನಿಂತ ಮಗುವಿಗೆ ಆ ಕೈ ಬೇಕಾದೀತು.