ಅಯಾನು ಬಡಿದರೆ ಸೆರಾಮಿಕ್ ಪದರಕ್ಕೇನಾಗುತ್ತದೆ?

ಪ್ರಶ್ನೆ: ಸೆರಾಮಿಕ್‌ನ ತೆಳುಪದರಗಳ ಮೇಲೆ ಅಯಾನುಗಳನ್ನು ಹಾಯಿಸಿದರೆ ಅವು ಕೆಡುತ್ತವೆಯೋ, ಸುಧಾರಿಸುತ್ತವೆಯೋ?
– ಓದುಗರೊಬ್ಬರು, ಬಜಗೋಳಿ

ಉತ್ತರ: ಎರಡೂ ಆಗಬಹುದು. ಅದು ಅಯಾನಿನ ತೂಕ, ವೇಗ ಮತ್ತು ಸಂಖ್ಯೆಯನ್ನು ಅವಲಂಬಿಸಿದೆ.

ನಿಧಾನದ ಅಯಾನು ಕೇರಂ ಸ್ಟ್ರೈಕರ್‌ನಂತೆ ಪರಮಾಣುಗಳನ್ನೇ ಜಾಗದಿಂದ ಕದಲಿಸುತ್ತದೆ. ಸತು ಆಕ್ಸೈಡ್ ಪದರದಲ್ಲಿ ಹೀಗೆ ಆಮ್ಲಜನಕದ ಸ್ಥಾನಗಳು ಖಾಲಿಯಾದರೆ ವಿದ್ಯುತ್ ವಾಹಕತೆ, ಬೆಳಕು ಹೀರುವ ಗುಣ ಬದಲಾಗುತ್ತವೆ.

100 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಬೆಳ್ಳಿ ಅಯಾನಿನ ಕಥೆ ಬೇರೆ. ಅದು ಪದರವನ್ನು ದಾಟಿಯೇ ಹೋಗುತ್ತದೆ. ದಾರಿಯಲ್ಲಿ ಎಲೆಕ್ಟ್ರಾನುಗಳಿಗೆ ಕೊಟ್ಟ ಶಕ್ತಿಯಿಂದ ಕೆಲವೇ ನ್ಯಾನೋಮೀಟರ್ ಅಗಲದ ಜಾಡು ಕ್ಷಣಮಾತ್ರ ಕಾಯ್ದು ತಣಿಯುತ್ತದೆ. ಅಸ್ತವ್ಯಸ್ತ ಜೋಡಣೆಯ ಟೈಟಾನಿಯಂ ಡೈಆಕ್ಸೈಡ್ ಪದರದಲ್ಲಿ ಇದರಿಂದ ಹರಳು ಮೂಡಬಹುದು. ಆದರೆ ಒಂದು ಚದರ ಸೆಂಟಿಮೀಟರ್‌ಗೆ 10 ಲಕ್ಷ ಕೋಟಿ ಅಯಾನು ಬೀಳುವಷ್ಟರಲ್ಲಿ ಜಾಡುಗಳು ಒಂದರ ಮೇಲೊಂದು ಬರುತ್ತವೆ. ಮುಂದೆ ಹಾನಿಯೇ ಹೆಚ್ಚಬಹುದು.

ನಿಮ್ಮ ಜಿಲ್ಲೆಯ ನೆರೆಯಲ್ಲೇ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಮೈಕ್ರೋಟ್ರಾನ್ ಎಂಬ ವೇಗವರ್ಧಕ ಇದೆ. ಅದು ಕೊಡುವುದು ಅಯಾನುಗಳನ್ನಲ್ಲ, ಎಲೆಕ್ಟ್ರಾನುಗಳನ್ನು. ಭಾರ ಅಯಾನು ಬೇಕಾದವರು ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಪೆಲೆಟ್ರಾನ್‌ಗೆ ಹೋಗುತ್ತಾರೆ. ಅನಿಲ ಪತ್ತೆ ಮಾಡುವ ಸಂವೇದಕಗಳಿಗೂ ಉಪಗ್ರಹಗಳ ಬಿಡಿಭಾಗಗಳಿಗೂ ಅಯಾನು ಬಡಿದರೆ ಏನಾಗುತ್ತದೆಂಬ ತಿಳಿವಳಿಕೆ ಬೇಕೇ ಬೇಕು.