ಎತ್ತಿನ ಮಗ್ಗುಲಲ್ಲಿದ್ದ ಚಾಕು

ಆಗಮನ ಕಾಲದ ಮೊದಲ ಭಾನುವಾರ ಕಳೆಯಿತೆಂದರೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ವರ್ಷವಿಡೀ ಹುಲ್ಲಿನ ನಡುವೆ ಮಲಗಿದ್ದ ಕುರಿಗಾಹಿಗಳು, ಒಂಟೆಗಳು, ಮೂರು ರಾಯರು ಧೂಳು ಕೊಡವಿಕೊಂಡು ಎದ್ದು ಬರುತ್ತಾರೆ. ಕಳೆದ ಡಿಸೆಂಬರಿನಲ್ಲಿ ಗೌರಿಬಿದನೂರಿನ ನಮ್ಮ ಹಿರಿಯರ ಮನೆಯನ್ನು ತೆರವು ಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ತಂದೆತಾಯಿಯರಿಬ್ಬರೂ ಪ್ರಭುವಿನ ಪಾದ ಸೇರಿದ ಮೇಲೆ ಆ ಮನೆಗೆ ಬೀಗವೇ ಕಾವಲು. ಅಟ್ಟದ ಮೂಲೆಯಲ್ಲಿದ್ದ ತಗಡಿನ ಟ್ರಂಕನ್ನು ಇಳಿಸಿದಾಗ ಅದರ ತಳದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಒಳಗಿದ್ದದ್ದು ಕಾಲು ಮುರಿದ ಒಂದು ಎತ್ತು, ಬಿದಿರಿನ ಎರಡು ಸಣ್ಣ ಸೀಳು, ಒಂದಷ್ಟು ದಾರ, ಮತ್ತು ಮೀನಿನ ಆಕಾರದ ಒಂದು ಮಡಿಸುವ ಚಾಕು.

ಆ ಚಾಕುವನ್ನು ಕಂಡು ನಾವು ಅಟ್ಟದ ಏಣಿಯ ಮೇಲೆಯೇ ಕುಳಿತುಬಿಟ್ಟೆವು. ಸುಮಾರು ಐವತ್ತು ವರ್ಷಗಳ ಕಾಲ ಅದು ಕಳುವಾಗಿದೆಯೆಂದು ನಾವು ನಂಬಿದ್ದೆವು. ಕದ್ದವನು ಯಾರೆಂಬುದನ್ನೂ ನಂಬಿದ್ದೆವು.

ಆ ಚಾಕುವಿನ ಬೆಲೆ 1 ರೂಪಾಯಿ 75 ಪೈಸೆ. ಕೊಂಡದ್ದು 1975ರ ಸೆಪ್ಟೆಂಬರ್ 8ರಂದು, ಬೆಂಗಳೂರಿನ ಶಿವಾಜಿನಗರದಲ್ಲಿ, ಮಾತೆ ಮರಿಯಮ್ಮನವರ ಜನ್ಮೋತ್ಸವದ ದಿನ. ಅಲ್ಲಿಯ ಸಂತ ಮರಿಯಮ್ಮನವರ ದೇವಾಲಯ ಬಸಿಲಿಕವಾಗಿ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆಗಸ್ಟ್ 29ರಂದು ಧ್ವಜ ಏರಿದಂದಿನಿಂದ ಒಂಬತ್ತು ದಿನಗಳ ನೊವೇನ, ಕಾವಿ ಬಟ್ಟೆಯುಟ್ಟು ಹರಕೆ ಹೊತ್ತು ಬರುವ ಭಕ್ತರು, ಕೊನೆಯ ದಿನ ಸೀರೆಯುಟ್ಟ ಮಾತೆಯ ತೇರು, ಇವೆಲ್ಲ ಇಂದಿಗೂ ನಡೆದುಬಂದಿವೆ. ಬೆಳಗಿನ ರೈಲು ಹತ್ತಿ ದೊಡ್ಡಬಳ್ಳಾಪುರ, ಯಲಹಂಕಗಳನ್ನು ದಾಟಿ ಬೆಂಗಳೂರು ಸೇರುವುದೇ ನಮಗೆ ಅರ್ಧ ಹಬ್ಬ. ಉಳಿದರ್ಧ ದೇವಾಲಯದ ಹೊರಗಿನ ಅಂಗಡಿಗಳಲ್ಲಿತ್ತು. ಮೇಣದ ಬತ್ತಿ, ಜಪಸರ, ಬೊಂಬೆ, ಬಳೆಗಳ ನಡುವೆ ರಟ್ಟಿನ ಮೇಲೆ ಸಾಲಾಗಿ ಚುಚ್ಚಿಟ್ಟ ಆ ಮೀನುಗಳನ್ನು ನಾವು ಕಂಡೆವು. ತಗಡಿನ ಹಿಡಿಯ ಮೇಲೆ ಕೆತ್ತಿದ ಹುರುಪೆಗಳು, ಕಣ್ಣಿನ ಜಾಗದಲ್ಲಿ ಒಂದು ಮೊಳೆ, ಬಾಲದಲ್ಲಿ ಒಂದು ಬಳೆ. ತಂದೆಯವರು ಬೇಡವೆಂದರು. ತಾಯಿಯವರು ಸೆರಗಿನ ಗಂಟಿನಿಂದ ಹಣ ತೆಗೆದರು.

ಇಂದಿನ ಮಕ್ಕಳಿಗೆ ಇದು ಅರ್ಥವಾಗಲಾರದು. ಈಗ ಯಾವ ಬಾಲಕನ ಜೇಬಿನಲ್ಲಿಯೂ ಚಾಕು ಇರುವುದಿಲ್ಲ. ಇದ್ದರೆ ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ತಡೆಯುತ್ತಾರೆ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಅಂದು ಅದು ಆಯುಧವಾಗಿರಲಿಲ್ಲ. ಸೀಸದ ಕಡ್ಡಿ ಕೆತ್ತುವುದು, ಮಾವಿನಕಾಯಿ ಹೆಚ್ಚಿ ಉಪ್ಪುಖಾರ ಹಚ್ಚುವುದು, ಕಬ್ಬಿನ ಗಿಣ್ಣು ಬಿಡಿಸುವುದು, ಗಾಳಿಪಟಕ್ಕೆ ಕಡ್ಡಿ ಸೀಳುವುದು, ಒಂದೇ ಎರಡೇ. ಗರಿಗಳ ಭಾನುವಾರದ ಹಿಂದಿನ ಸಂಜೆ ಗರಿಗಳನ್ನು ಎಳೆ ಎಳೆಯಾಗಿ ಸೀಳಿ ಶಿಲುಬೆ ಹೆಣೆಯುವಾಗಲಂತೂ ಚಾಕು ಇದ್ದವನೇ ಯಜಮಾನ. ಅದನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆಂದು ಅಜ್ಜಿಯವರು ಹೇಳುತ್ತಿದ್ದರು. ಆದ್ದರಿಂದ ನೆಲದ ಮೇಲಿಟ್ಟು ತೆಗೆದುಕೊಳ್ಳುತ್ತಿದ್ದೆವು. ಜಗಳ ಬರುವ ದಾರಿ ಅದಲ್ಲವೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಮಡಿಸುವ ಚಾಕು ಮಾನವನ ಜೇಬಿಗೆ ಬಂದು ಎರಡೂವರೆ ಸಾವಿರ ವರ್ಷಗಳೇ ಆಗಿವೆ. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ಕ್ರಿಸ್ತಪೂರ್ವ ಕಾಲದ್ದೊಂದು ದೊರೆತಿದೆ. ಹಕ್ಕಿಯ ಗರಿಯನ್ನು ಕೆತ್ತಿ ಲೇಖನಿ ಮಾಡಿಕೊಳ್ಳಲು ಬಳಸುತ್ತಿದ್ದ ಕಾರಣ ಸಣ್ಣ ಚಾಕುವಿಗೆ ಆಂಗ್ಲರು ಪೆನ್ ನೈಫ್ ಎಂದು ಹೆಸರಿಟ್ಟರು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ತಮ್ಮ ದೇಶದ ಸೈನಿಕರಿಗೆ 1891ರಲ್ಲಿ ಒದಗಿಸಿದ ಚಾಕು ಜಗತ್ಪ್ರಸಿದ್ಧವಾಯಿತು. ನಮ್ಮದಕ್ಕೆ ಅಂಥ ಕುಲಗೋತ್ರವೇನೂ ಇರಲಿಲ್ಲ. ಒಂದು ಅಲಗು, ಒಂದು ಕಮಾನು, ಮೂರು ಮೊಳೆ, ಅಷ್ಟೇ. ಅಲಗು ಸಾಧಾರಣ ಉಕ್ಕಿನದಾದ್ದರಿಂದ ನಿಂಬೆಹಣ್ಣು ಕೊಯ್ದು ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತಿತ್ತು. ಆದರೆ ಅಂಥ ಉಕ್ಕಿಗೆ ಒಂದು ಗುಣವುಂಟು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾಲ್ಕು ಬಾರಿ ಉಜ್ಜಿದರೆ ಸಾಕು, ಹರಿತ ಮರಳಿ ಬರುತ್ತದೆ.

ನಮ್ಮ ಧರ್ಮಸಭೆಗೂ ಚಾಕುವಿಗೂ ಸಂಬಂಧವಿಲ್ಲವೆನ್ನುವಂತಿಲ್ಲ. ಆಗಸ್ಟ್ 24ರಂದು ಹಬ್ಬ ಆಚರಿಸುವ ಪ್ರೇಷಿತ ಸಂತ ಬಾರ್ತೊಲೊಮಾಯರ ಕೈಯಲ್ಲಿ ಚಿತ್ರಕಾರರು ಚಾಕುವನ್ನೇ ಇಡುತ್ತಾರೆ, ಅದು ಅವರ ರಕ್ತಸಾಕ್ಷಿಯ ಗುರುತು. ಭಾರತಕ್ಕೂ ಶುಭಸಂದೇಶ ತಂದವರು ಅವರೆಂದು ನಾಲ್ಕನೆಯ ಶತಮಾನದ ಚರಿತ್ರಕಾರ ಯೂಸೇಬಿಯಸ್ ಬರೆದಿದ್ದಾರೆ. ಇನ್ನು ಮೀನು ಆದಿಕ್ರೈಸ್ತರ ಗುಟ್ಟಿನ ಗುರುತಾಗಿತ್ತೆಂಬುದನ್ನು ಉಪದೇಶಿಯವರು ನಮಗೆ ಮುಂದೆ ಕಲಿಸಿದರು. 1975ರಲ್ಲಿ ನಮಗೆ ಅದು ಬರಿಯ ಮೀನು.

ಆ ವರ್ಷದ ಕ್ರಿಸ್ಮಸ್‌ಗೆ ಗೋದಲಿ ಕಟ್ಟಲು ನಮ್ಮೊಡನೆ ಕೂಡಿದವನು ಪಕ್ಕದ ಮನೆಯ ಗೆಳೆಯ. ಅವರದು ಹಿಂದೂ ಕುಟುಂಬ, ಆಂಧ್ರದ ಗಡಿ ಹತ್ತಿರವಾದ್ದರಿಂದ ಮನೆಮಾತು ತೆಲುಗು. ಅವನ ತಂದೆ ಜಾತ್ರೆಗಳಲ್ಲಿ ಕಡಲೆಪುರಿ, ಬತ್ತಾಸು ಮಾರುತ್ತಿದ್ದರು. ವಿದುರಾಶ್ವತ್ಥದ ತೇರು ಮುಗಿಸಿ ಬಂದ ರಾತ್ರಿ ನಮ್ಮ ಮನೆಗೂ ಒಂದು ಪೊಟ್ಟಣ ತಪ್ಪದೆ ಬರುತ್ತಿತ್ತು, ನಮ್ಮ ಮನೆಯ ಕ್ರಿಸ್ಮಸ್ ತಿಂಡಿ ಅಲ್ಲಿಗೆ ಹೋಗುತ್ತಿತ್ತು. ಉತ್ತರ ಪಿನಾಕಿನಿಯ ಒಣ ಪಾತ್ರದಿಂದ ಮರಳು ತಂದವನು ಅವನು. ತೆಂಗಿನ ಚಿಪ್ಪುಗಳಲ್ಲಿ ರಾಗಿ ಚೆಲ್ಲಿ ಹತ್ತು ದಿನ ನೀರು ಚಿಮುಕಿಸಿ ಗೋದಲಿಗೆ ಹಸಿರು ಹೊಲ ಬೆಳೆದವನೂ ಅವನೇ. ಬಿದಿರು ಸೀಳಿ ಚಾವಣಿ ಮಾಡಿದ್ದು ನಮ್ಮ ಚಾಕು. ಹಿಡಿದಿದ್ದ ಕೈ ಹೆಚ್ಚು ಹೊತ್ತು ಅವನದೇ. ನಮಗಿಂತ ಅವನಿಗೆ ಕೈಚಳಕ ಹೆಚ್ಚು.

ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಮೊದಲ ಗೋದಲಿಯನ್ನು ಏರ್ಪಡಿಸಿದಾಗ ಜೀವಂತ ಎತ್ತು ಮತ್ತು ಕತ್ತೆಯನ್ನು ತರಿಸಿದ್ದರು. ಅದೇ ಊರಿನಲ್ಲಿ ಪೋಪ್ ಫ್ರಾನ್ಸಿಸ್ ಅವರು 2019ರ ಡಿಸೆಂಬರ್ 1ರಂದು ಗೋದಲಿಯ ಮಹತ್ವವನ್ನು ಕುರಿತ ಪತ್ರಕ್ಕೆ ಸಹಿ ಹಾಕಿದರು. ಸೋಜಿಗವೆಂದರೆ, ಎತ್ತು ಕತ್ತೆಗಳ ಹೆಸರು ಯೇಸುವಿನ ಜನನದ ವೃತ್ತಾಂತದಲ್ಲಿ ಎಲ್ಲಿಯೂ ಇಲ್ಲ. ಸಂತ ಲೂಕರು ಹೇಳುವುದು ಗೋದಲಿಯನ್ನು ಮಾತ್ರ. ತನ್ನ ಒಡೆಯನನ್ನು ಎತ್ತು ಅರಿಯುತ್ತದೆಂಬ ಯೆಶಾಯ ಪ್ರವಾದಿಯ ಮಾತಿನಿಂದ ಅದು ನಮ್ಮ ಗೋದಲಿಗಳಿಗೆ ನಡೆದು ಬಂದಿದೆ.

1976ರ ಜನವರಿಯಲ್ಲಿ, ಮೂರು ರಾಯರ ಹಬ್ಬದ ಮರುದಿನ, ಗೋದಲಿಯನ್ನು ಬಿಚ್ಚುವಾಗ ಎತ್ತು ನಮ್ಮ ಕೈಯಿಂದ ಜಾರಿ ಬಿದ್ದು ಅದರ ಮುಂಗಾಲು ಮುರಿಯಿತು. ಎರಡು ದಿನಗಳ ಬಳಿಕ ಚಾಕು ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆವು. ಆಮೇಲೆ ನಾವು ಒಂದು ಮಾತು ಹೇಳಿದೆವು. ಕೂಗಾಡಲಿಲ್ಲ, ಆಣೆ ಇಡಲಿಲ್ಲ. “ಕೊನೆಗೆ ಅವನ ಕೈಯಲ್ಲೇ ಇತ್ತು” ಎಂದಷ್ಟೇ ತಾಯಿಯವರ ಮುಂದೆ ಹೇಳಿದೆವು. ಅದು ಸುಳ್ಳೆಂದು ನಮಗೆ ಗೊತ್ತಿರಲಿಲ್ಲ, ನಿಜವೆಂದೂ ಗೊತ್ತಿರಲಿಲ್ಲ. ತಾಯಿಯವರು ಬಹಳ ಮೆಲ್ಲಗೆ, ಮಕ್ಕಳಾಟವೆಂಬಂತೆ, ಪಕ್ಕದ ಮನೆಯ ಅಮ್ಮನವರಲ್ಲಿ ಕೇಳಿದರು. ಮರುದಿನದಿಂದ ಗೆಳೆಯ ನಮ್ಮ ಮನೆಗೆ ಬರಲಿಲ್ಲ. ಆ ವರ್ಷ ವಿದುರಾಶ್ವತ್ಥದ ಪೊಟ್ಟಣವೂ ಬರಲಿಲ್ಲ. ಮುಂದೆ ಅವರು ಬೇರೆ ಬೀದಿಗೆ ಮನೆ ಬದಲಿಸಿದರು, ನಾವು ಓದಿಗೆಂದು ಬೆಂಗಳೂರು ಸೇರಿದೆವು. ಮರುವರ್ಷ ತಂದೆಯವರು ಹೊಸ ಎತ್ತು ತಂದಿದ್ದರಿಂದ ಹಳೆಯದರ ಗಂಟು ಬಿಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ.

ಆ ಗಂಟನ್ನು ಕಟ್ಟಿದವರು ತಾಯಿಯವರಿರಬಹುದೆಂದು ಏಣಿಯ ಮೇಲೆ ಕುಳಿತ ನಮ್ಮ ಮನಸ್ಸು ಒಂದು ಗಳಿಗೆ ತಪ್ಪಿಸಿಕೊಳ್ಳಲು ನೋಡಿತು. ಆದರೆ ಅದು ಬುಗುರಿಯ ಚಾಟಿಗೆ ನಾವೇ ಹಾಕುತ್ತಿದ್ದ ಎರಡು ಸುತ್ತಿನ ಗಂಟು. ಕಾಲಿಗೆ ಬಿದಿರಿನ ಸೀಳು ಕಟ್ಟಿ ಸರಿಪಡಿಸಬೇಕೆಂದು ಎಲ್ಲವನ್ನೂ ಒಟ್ಟಿಗೆ ಸುತ್ತಿಟ್ಟು, ಮರೆತು, ಮರೆತದ್ದನ್ನೂ ಮರೆತವರು ನಾವು.

ಧರ್ಮೋಪದೇಶದ ತರಗತಿಯಲ್ಲಿ ನಾವು ಏಳನೆಯ ಕಟ್ಟಳೆಯನ್ನು ಚೆನ್ನಾಗಿ ಬಾಯಿಪಾಠ ಮಾಡಿದ್ದೆವು, ಕದಿಯಬಾರದೆಂಬುದು ಅದು. ಎಂಟನೆಯದು ಸುಳ್ಳುಸಾಕ್ಷಿಯನ್ನು ಕುರಿತದ್ದು. ಅದು ನ್ಯಾಯಾಲಯಕ್ಕೆ ಹೋಗುವವರಿಗೆಂದು ಭಾವಿಸಿದ್ದೆವು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ಮನಸ್ಸಿನಲ್ಲಿಯೇ ಸತ್ಯವೆಂದು ಒಪ್ಪಿಕೊಳ್ಳುವುದನ್ನೂ ಈ ಕಟ್ಟಳೆಯಡಿಯಲ್ಲಿ ತಂದಿದೆ. ಸತ್ಯಕ್ಕೆ ಎಸಗಿದ ಅಪರಾಧಕ್ಕೆ ಕ್ಷಮೆ ದೊರೆತರೂ ಪರಿಹಾರ ಸಲ್ಲಿಸುವ ಹೊಣೆ ಉಳಿಯುತ್ತದೆಂದೂ ಅದು ಹೇಳುತ್ತದೆ. ಕ್ರಿಸ್ಮಸ್‌ಗೆ ಮುಂಚಿನ ಪಾಪನಿವೇದನೆಯಲ್ಲಿ ನಾವು ಇದನ್ನು ಹೇಳಿಕೊಂಡೆವು. ಗುರುಗಳು ಪ್ರಾರ್ಥನೆಯ ದಂಡನೆ ಕೊಟ್ಟು, “ಆ ವ್ಯಕ್ತಿ ಇದ್ದಾರೆಯೇ?” ಎಂದು ಕೇಳಿದರು. ಇದ್ದಾರೆಂದೆವು. ಅವರು ಮತ್ತೇನನ್ನೂ ಹೇಳಲಿಲ್ಲ.

ಚಾಕುವಿಗೆ ತುಕ್ಕು ಹಿಡಿದು ಅಲಗು ಹಿಡಿಗೆ ಅಂಟಿಕೊಂಡಿತ್ತು. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೂದಿಯಿಂದ ಉಜ್ಜಿ, ಕೀಲಿಗೆ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟೆವು. ಮೂರನೆಯ ದಿನ ಅದು ಕಿರ್ರೆಂದು ತೆರೆದುಕೊಂಡಿತು. ಹಿತ್ತಲಿನ ಒಗೆಯುವ ಕಲ್ಲು ಅಲ್ಲಿಯೇ ಇತ್ತು.

ಗೆಳೆಯರನ್ನು ಹುಡುಕುವುದು ಕಷ್ಟವಾಗಲಿಲ್ಲ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿ, ಬಡಾವಣೆಗಳು ಬೆಳೆದು ಊರು ಗುರುತು ಸಿಗದಂತಾಗಿದ್ದರೂ ಹಳೆಯ ಪೇಟೆಯ ಜನ ಒಬ್ಬರನ್ನೊಬ್ಬರು ಬಲ್ಲರು. ಅವರಿಗೊಂದು ಸಣ್ಣ ಅಂಗಡಿಯಿದೆ. ನಮ್ಮನ್ನು ಗುರುತಿಸಿ, “ಬನ್ನಿ, ಕೂತ್ಕೊಳ್ಳಿ. ಯಾವಾಗ ಬಂದ್ರಿ?” ಎಂದರು. ಬಾಲ್ಯದಲ್ಲಿ ನಮ್ಮನ್ನು ‘ಲೇ’ ಎನ್ನದೆ ಕರೆದವರಲ್ಲ. ಆ ಬಹುವಚನವನ್ನು ಕೇಳಿ, ಹೇಳಬೇಕೆಂದುಕೊಂಡು ಹೋಗಿದ್ದ ಮಾತುಗಳೆಲ್ಲ ನಮಗೆ ಮರೆತುಹೋದವು. ಚಾಕುವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಎಲ್ಲಿ ಸಿಕ್ಕಿತೆಂಬುದನ್ನು ಮಾತ್ರ ತಿಳಿಸಿದೆವು. ತಪ್ಪು ನಮ್ಮದೆಂದೆವು.

ಅವರು ಬಹಳ ಹೊತ್ತು ಅದನ್ನು ನೋಡುತ್ತಿದ್ದರು.

“ನಮ್ಮಪ್ಪ ಅವತ್ತು ಬೆಲ್ಟಲ್ಲಿ ಹೊಡೆದ್ರು” ಎಂದರು. “ಎಲ್ಲಿಟ್ಟಿದ್ದೀಯ ಹೇಳು ಅಂತ ಹೊಡೆದ್ರು. ಗೊತ್ತಿದ್ರೆ ತಾನೇ ಹೇಳೋದು?”

ಇದು ನಮಗೆ ತಿಳಿದಿರಲಿಲ್ಲ. ನಮ್ಮ ತಾಯಿಯವರಿಗೂ ತಿಳಿದಿರಲಾರದು.

ಅವರ ತಂದೆ ತೀರಿಕೊಂಡು ಇಪ್ಪತ್ತು ವರ್ಷವಾಗಿದೆಯಂತೆ. ಕೊನೆಯವರೆಗೂ ಮಗ ಕದ್ದಿದ್ದನೆಂದೇ ಅವರು ತಿಳಿದಿದ್ದರೇ, ಅಥವಾ ಆ ಸಂಗತಿಯನ್ನೇ ಮರೆತಿದ್ದರೇ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ. ಗೆಳೆಯರು ಕ್ಷಮಿಸಿದೆನೆಂದು ಹೇಳಲಿಲ್ಲ, ಕ್ಷಮಿಸುವುದಿಲ್ಲವೆಂದೂ ಹೇಳಲಿಲ್ಲ. ಕಾಫಿ ತರಿಸಿದರು. ಚಾಕುವನ್ನು ತೆರೆದು ಹೆಬ್ಬೆರಳಿನಿಂದ ಹರಿತ ನೋಡಿದರು. “ಚೆನ್ನಾಗಿ ಮಸೆದಿದ್ದೀರ” ಎಂದರು. ಇಟ್ಟುಕೊಳ್ಳಿರೆಂದು ನಾವು ಕೇಳಿಕೊಂಡಾಗ ತಲೆಯಾಡಿಸಿ, ಮಡಿಸಿ, ನಮ್ಮತ್ತ ಸರಿಸಿದರು. ಕೈಗೆ ಕೊಡಲಿಲ್ಲ, ಮೇಜಿನ ಮೇಲೆಯೇ ಸರಿಸಿದರು. ಹೊರಡುವಾಗ ಮೆಟ್ಟಿಲವರೆಗೆ ಬಂದು, “ಆ ಎತ್ತು ಏನಾಯ್ತು?” ಎಂದು ಕೇಳಿದರು. ಇದೆ, ಕಾಲು ಮಾತ್ರ ಮುರಿದೇ ಇದೆ ಎಂದೆವು.

“ಬರೀ ಬಿದಿರು ಕಟ್ಟಿದ್ರೆ ನಿಲ್ಲಲ್ಲ” ಎಂದರು. “ಗೋಂದು ಹಾಕ್ಬೇಕು. ಮುಂದಿನ ಸಲ ಬಂದಾಗ ತನ್ನಿ.”

ಮನೆಯನ್ನು ಮಾರುವ ಮಾತು ಸದ್ಯಕ್ಕೆ ನಿಂತಿದೆ. ಎತ್ತು ಮತ್ತೆ ಅದೇ ಸೀರೆಯ ತುಂಡಿನಲ್ಲಿದೆ, ಗಂಟು ಹಾಕಿಲ್ಲ. ಬರುವ ಶನಿವಾರದ ಬೆಳಗಿನ ರೈಲಿಗೆ ಗೌರಿಬಿದನೂರಿಗೆ ಹೊರಡಲಿದ್ದೇವೆ.