ಹನ್ನೆರಡು ಪದಗಳ ಬೀಗದಕೈ

ಚಿನ್ನ ಕಳೆದುಹೋಯಿತು ಎಂಬ ಮಾತನ್ನು ನಮ್ಮ ಹಟ್ಟಿಯವರು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಇಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ. ಸೈನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸಿದ ಮೇಲೂ ಉಳಿದ ಮಣ್ಣಿನಲ್ಲಿ ಒಂದಿಷ್ಟು ಇದ್ದೇ ಇರುತ್ತದೆ. 2001ರಲ್ಲಿ ಬಾಗಿಲು ಹಾಕಿದ ಕೆಜಿಎಫ್‌ನ ಮಣ್ಣಿನ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಬಿಟ್‌ಕಾಯಿನ್‌ಗೂ ‘ಮೈನಿಂಗ್’ ಇದೆ ಎಂದು ಕೇಳಿದ ನಮ್ಮೂರ ಹುಡುಗರು ಇದೂ ಹಾಗೇ ಇರಬೇಕು ಅಂದುಕೊಂಡಿದ್ದರು. ಹಾಗಿಲ್ಲ.

ಕ್ರಿಪ್ಟೊ ನಾಣ್ಯ ನಮ್ಮ ಫೋನಿನಲ್ಲಿ ಇರುವುದೇ ಇಲ್ಲ. ಯಾರ ಲೆಕ್ಕದಲ್ಲಿ ಎಷ್ಟಿದೆ ಎಂಬ ಖಾತೆಪುಸ್ತಕ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇರುತ್ತದೆ. ಫೋನಿನ ವಾಲೆಟ್‌ನಲ್ಲಿ ಇರುವುದು ಬೀಗದಕೈ ಮಾತ್ರ. ಅದು ಹೋದರೆ ನಾಣ್ಯ ಎಲ್ಲರ ಕಣ್ಣಿಗೂ ಕಾಣುತ್ತಲೇ ಇರುತ್ತದೆ, ಆದರೆ ಯಾರಿಂದಲೂ ಅಲ್ಲಾಡಿಸಲು ಆಗುವುದಿಲ್ಲ. ಎಟಿಎಂ ಪಿನ್ ಮರೆತರೆ ಆಧಾರ್ ಹಿಡಿದುಕೊಂಡು ಬ್ಯಾಂಕಿಗೆ ಹೋಗಬಹುದು. ಇಲ್ಲಿ ಮ್ಯಾನೇಜರ್ ಎಂಬುವವನೇ ಇಲ್ಲ.

ಬ್ರಿಟನ್ನಿನ ವೇಲ್ಸ್‌ನ ಜೇಮ್ಸ್ ಹೋವೆಲ್ಸ್ ಅವರ ಕಥೆ ಬಹಳ ಜನಕ್ಕೆ ಗೊತ್ತು. ಸುಮಾರು 8,000 ಬಿಟ್‌ಕಾಯಿನ್‌ಗಳ ಬೀಗದಕೈ ಇದ್ದ ಹಾರ್ಡ್ ಡಿಸ್ಕ್ 2013ರಲ್ಲಿ ನ್ಯೂಪೋರ್ಟ್ ನಗರದ ಕಸದ ಗುಡ್ಡೆ ಸೇರಿತು. ಅಗೆಯಲು ಬಿಡಿ ಎಂದು ಅವರು ವರ್ಷಗಟ್ಟಲೆ ನಗರಾಡಳಿತದ ಬೆನ್ನು ಬಿದ್ದರು, ಕೋರ್ಟಿಗೂ ಹೋದರು. 2025ರ ಜನವರಿಯಲ್ಲಿ ನ್ಯಾಯಾಲಯ ಅವರ ದಾವೆಯನ್ನು ವಜಾ ಮಾಡಿತು. ಹಟ್ಟಿಯವನಾಗಿ ನನಗೆ ಅವರ ಮೇಲೆ ಕನಿಕರವಿದೆ. ಅಗೆದರೆ ಸಿಕ್ಕೀತು ಎಂಬ ಆಸೆ ನಮಗೆ ಹೊಸದಲ್ಲ. ಅಮೆರಿಕದಲ್ಲಿ ನೆಲೆಸಿದ ಸ್ಟೀಫನ್ ಥಾಮಸ್ ಅವರದು ಇನ್ನೊಂದು ಬಗೆಯ ಸಂಕಟ. 7,002 ಬಿಟ್‌ಕಾಯಿನ್‌ಗಳ ಬೀಗದಕೈ ಇರುವ ಪೆನ್‌ಡ್ರೈವ್ ಅವರ ಕೈಯಲ್ಲೇ ಇದೆ. ಪಾಸ್‌ವರ್ಡ್ ಬರೆದಿಟ್ಟ ಚೀಟಿ ಇಲ್ಲ. ಹತ್ತು ಸಲ ತಪ್ಪಿದರೆ ಅದು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಈ ಸುದ್ದಿ ಹೊರಬಂದಾಗಲೇ ಅವರು ಎಂಟು ಸಲ ಪ್ರಯತ್ನಿಸಿ ಆಗಿತ್ತು.

ಹಾಗಂತ ಎಲ್ಲವೂ ಹೋದಂತೆಯೇ ಅಲ್ಲ. 2023ರಲ್ಲಿ ಜೋ ಗ್ರ್ಯಾಂಡ್ ಎಂಬ ಅಮೆರಿಕದ ತಂತ್ರಜ್ಞ ಮತ್ತು ಅವರ ಸಂಗಡಿಗ ಒಬ್ಬರ 43.6 ಬಿಟ್‌ಕಾಯಿನ್ ವಾಪಸ್ ತೆಗೆದುಕೊಟ್ಟರು. ಆ ಮನುಷ್ಯ 2013ರಲ್ಲಿ 20 ಅಕ್ಷರದ ಪಾಸ್‌ವರ್ಡನ್ನು ಒಂದು ಸಾಫ್ಟ್‌ವೇರ್‌ನಿಂದ ಮಾಡಿಸಿಕೊಂಡಿದ್ದರು. ಆ ಸಾಫ್ಟ್‌ವೇರ್‌ನ ಹಳೇ ಆವೃತ್ತಿ ಕಂಪ್ಯೂಟರಿನ ಗಡಿಯಾರ ನೋಡಿಕೊಂಡು ಪಾಸ್‌ವರ್ಡ್ ಕಟ್ಟುತ್ತಿತ್ತು. ಗಡಿಯಾರವನ್ನು 2013ಕ್ಕೆ ತಿರುಗಿಸಿದಂತೆ ಮಾಡಿ, ಅದು ಆಗ ಕೊಟ್ಟಿರಬಹುದಾದ ಪಾಸ್‌ವರ್ಡ್‌ಗಳನ್ನೆಲ್ಲ ಮತ್ತೆ ಹುಟ್ಟಿಸಿ ಪರೀಕ್ಷಿಸಿದರು. ಸುಳಿವು ಇದ್ದದ್ದರಿಂದ ದಾರಿ ಸಿಕ್ಕಿತು.

ಸುಳಿವಿನ ಬೆಲೆ ನನಗೆ ಅರ್ಥವಾದದ್ದು ಲಿಂಗಸುಗೂರಿನ ಗೆಳೆಯನೊಬ್ಬನಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಸಂಬಳದಲ್ಲಿ ಉಳಿಸಿ ಒಂದಿಷ್ಟು ಬಿಟ್‌ಕಾಯಿನ್ ಕೊಂಡಿದ್ದ. ಕೆಲಸ ಹೋಯಿತು, ಊರಿಗೆ ಬಂದ. ತಂಗಿಯ ನರ್ಸಿಂಗ್ ಫೀ ಕಟ್ಟಲು ಆ ಹಣವನ್ನೇ ನಂಬಿದ್ದ. ಅಷ್ಟರಲ್ಲಿ ಫೋನ್ ನೀರಿಗೆ ಬಿದ್ದು ಕೆಟ್ಟಿತು. ವಾಲೆಟ್ ಶುರು ಮಾಡುವಾಗ ಕೊಡುವ ಹನ್ನೆರಡು ಇಂಗ್ಲಿಷ್ ಪದಗಳನ್ನು ಹಾಳೆಯಲ್ಲಿ ಬರೆದಿಟ್ಟಿದ್ದ, ಆದರೆ ಏಳನೆಯ ಪದದ ಮೇಲೆ ಎಣ್ಣೆ ಬಿದ್ದು ಶಾಯಿ ಕದಡಿತ್ತು. ‘ಸಿ’, ‘ಎ’ ಎರಡೇ ಅಕ್ಷರ ಕಾಣುತ್ತಿದ್ದವು.

“ಹೋತೇನಲೇ ರೊಕ್ಕ?” ಅಂದ.

ಹೋಗಿರಲಿಲ್ಲ. ಈ ಪದಗಳು ಬರುವುದು 2,048 ಪದಗಳ ನಿಗದಿತ ಪಟ್ಟಿಯಿಂದ. ಅದರಲ್ಲಿ ಆ ಎರಡು ಅಕ್ಷರದಿಂದ ಶುರುವಾಗುವವು ನಲವತ್ತರ ಆಸುಪಾಸು. ಜೊತೆಗೆ ಹನ್ನೆರಡನೆಯ ಪದದೊಳಗೆ ಒಂದು ತಾಳೆ ಲೆಕ್ಕ ಅಡಗಿರುತ್ತದೆ. ಉಳಿದ ಪದಗಳಲ್ಲಿ ಒಂದು ತಪ್ಪಿದರೂ ಹದಿನಾರರಲ್ಲಿ ಹದಿನೈದು ಸಲ ಅದು ‘ಸರಿಯಿಲ್ಲ’ ಎನ್ನುತ್ತದೆ. ಹಾಗೆ ಜರಡಿ ಹಿಡಿದಾಗ ಮೂರು ಪದ ಉಳಿದವು. ಇಂಟರ್ನೆಟ್ ಸಂಪರ್ಕ ತೆಗೆದ ಲ್ಯಾಪ್‌ಟಾಪ್‌ನಲ್ಲಿ ಒಂದೊಂದನ್ನೇ ಹಾಕಿ, ಹುಟ್ಟುವ ವಿಳಾಸವನ್ನು ಅವನ ವಾಟ್ಸ್‌ಆ್ಯಪ್‌ನಲ್ಲಿದ್ದ ಹಳೇ ಸ್ಕ್ರೀನ್‌ಶಾಟ್‌ನ ವಿಳಾಸಕ್ಕೆ ಹೋಲಿಸಿ ನೋಡಿದೆವು. ಎರಡನೆಯದು ತಾಳೆಯಾಯಿತು. ಎರಡು ಪದ ಪೂರ್ತಿ ಅಳಿಸಿದ್ದರೆ ಸುಮಾರು 42 ಲಕ್ಷ ಜೋಡಿ ನೋಡಬೇಕಿತ್ತು. ಅದೂ ಕಂಪ್ಯೂಟರಿಗೆ ಕಷ್ಟವಲ್ಲ. ಹನ್ನೆರಡೂ ಹೋದರೆ ಮಾತ್ರ ಲೆಕ್ಕ 39 ಅಂಕಿಗಳ ಸಂಖ್ಯೆಗೆ ಏರುತ್ತದೆ. ಅಲ್ಲಿಗೆ ಮುಗಿಯಿತು.

ತಪ್ಪು ವಿಳಾಸಕ್ಕೆ ಕಳಿಸಿದವರ ಪಾಡು ಬೇರೆ. ಬಿಟ್‌ಕಾಯಿನ್ ವಿಳಾಸದಲ್ಲಿ ಒಂದಕ್ಷರ ತಪ್ಪಿ ಟೈಪಿಸಿದರೆ ವಾಲೆಟ್ ಸಾಮಾನ್ಯವಾಗಿ ಕಳಿಸುವುದೇ ಇಲ್ಲ. ಆದರೆ ಇನ್ನೊಬ್ಬರ ಪೂರ್ತಿ ವಿಳಾಸವನ್ನೇ ಕಾಪಿ ಮಾಡಿ ಹಾಕಿದ್ದರೆ ಅವರು ಮನಸ್ಸು ಮಾಡಿ ಹಿಂದಿರುಗಿಸಬೇಕು, ಅಷ್ಟೆ. ಎಥೀರಿಯಂ ಬದಲು ಪಾಲಿಗಾನ್‌ನಂಥ ಜಾಲದಲ್ಲಿ ನಮ್ಮದೇ ವಾಲೆಟ್‌ಗೆ ಕಳಿಸಿದ್ದರೆ ಗಾಬರಿ ಬೇಡ. ಎರಡಕ್ಕೂ ಬೀಗದಕೈ ಒಂದೇ, ವಾಲೆಟ್‌ನಲ್ಲಿ ಆ ಜಾಲವನ್ನು ಸೇರಿಸಿದರೆ ನಾಣ್ಯ ಕಾಣುತ್ತದೆ. ವಿನಿಮಯ ಕಂಪನಿಗೆ ಕಳಿಸುವಾಗ ಮೆಮೊ ಸಂಖ್ಯೆ ಬಿಟ್ಟಿದ್ದರೆ ಅವರ ಗ್ರಾಹಕ ಸೇವೆಗೆ ವ್ಯವಹಾರದ ಗುರುತಿನ ಸಂಖ್ಯೆ ಕೊಟ್ಟು ಕೇಳಬೇಕು.

ಈ ಲೋಕದ ನಿಜವಾದ ಕಳ್ಳರು ಕಾಯುವುದು ಕಳಕೊಂಡವರನ್ನೇ. ಗೆಳೆಯ ಟೆಲಿಗ್ರಾಂನ ಒಂದು ಗುಂಪಿನಲ್ಲಿ ಸಹಾಯ ಕೇಳಿದ ಹತ್ತೇ ನಿಮಿಷದಲ್ಲಿ ‘ರಿಕವರಿ ಎಕ್ಸ್‌ಪರ್ಟ್’ ಒಬ್ಬ ಬಂದ. ಕಾಣುವ ಹನ್ನೊಂದು ಪದ ಕಳಿಸು, 15,000 ರೂಪಾಯಿ ಮುಂಗಡ ಹಾಕು ಎಂದ. ನಾವು ಮಾಡಿದ ಲೆಕ್ಕ ಅವನಿಗೂ ಗೊತ್ತಿರುತ್ತದಲ್ಲ! ಹನ್ನೊಂದು ಕೊಟ್ಟರೆ ಹನ್ನೆರಡನೆಯದನ್ನು ಕೊಟ್ಟಂತೆಯೇ. ಇಂಥವರಿಗೆ ಈಗಾಗಲೇ ಹಣ ಹಾಕಿದವರು 1930ಕ್ಕೆ ತಕ್ಷಣ ಕರೆ ಮಾಡಬೇಕು. ಬ್ಯಾಂಕ್ ಖಾತೆಗೆ ಹೋದ ಮುಂಗಡವನ್ನಾದರೂ ತಡೆಹಿಡಿಯುವ ಸಾಧ್ಯತೆ ಇದೆ.

ಗೆಳೆಯನ ನಾಣ್ಯ ಸಿಕ್ಕಿತು. ಮಾರಿದಾಗ ಶೇ 1 ಟಿಡಿಎಸ್ ಹೋಯಿತು, ಲಾಭಕ್ಕೆ ಶೇ 30 ತೆರಿಗೆ. ಬೇರೊಂದು ನಾಣ್ಯದಲ್ಲಿ ಅವನಿಗಾಗಿದ್ದ ನಷ್ಟವನ್ನು ಇದರಲ್ಲಿ ಕಳೆಯಲು ಕಾನೂನು ಬಿಡಲಿಲ್ಲ. ಅದಕ್ಕೆ ಅವನು ಬಹಳ ಗೊಣಗಿದ. ತಂಗಿಯ ಎರಡನೇ ಕಂತು ಕಟ್ಟಿ ಉಳಿದದ್ದನ್ನು ಹೊಸ ವಾಲೆಟ್‌ಗೆ ಹಾಕಿದ್ದಾನೆ. ಅದರ ಹನ್ನೆರಡು ಪದಗಳು ಎರಡು ಹಾಳೆಯಲ್ಲಿವೆ. ಒಂದು ಅವನ ಹತ್ತಿರ, ಇನ್ನೊಂದು ಅವರವ್ವನ ಟ್ರಂಕಿನಲ್ಲಿ, ಹೊಲದ ಪಹಣಿಯ ಜೊತೆಗೆ.